ಕೆರೆ ಏರಿ ಕಾಯುವವರು ಯಾರು?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ ಇಡೀ ರಾಜ್ಯವೇ ಎದ್ದು ಕೂತಿತ್ತು. ಮುಖ್ಯಮಂತ್ರಿ ಬಂದರು, ಸಚಿವರು ಬಂದರು, ಪರಿಣತರು ಬಂದರು, ಟಿವಿಯವರು ಅಲ್ಲೇ ಬೀಡುಬಿಟ್ಟರು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟ್ ಇಳಿಸಿ ನೀರು ಉಳಿಸಿದರು. ಆಗಬೇಕಾದದ್ದೇ ಆಯಿತು. ಆ ನೀರನ್ನು ನಂಬಿದವರು ಲಕ್ಷಗಟ್ಟಲೆ ಜನ.

ಅದೇ ಮಳೆಗಾಲದಲ್ಲಿ ನಿಮ್ಮೂರ ಕೆರೆ ಏರಿಯನ್ನು ಯಾರಾದರೂ ಬಂದು ನೋಡಿದ್ದರೇ? ಏರಿಯ ಹೊರಮಗ್ಗುಲಲ್ಲಿ ನೀರು ಜಿನುಗುತ್ತಿದೆಯೇ, ಕೋಡಿ ಬಾಯಲ್ಲಿ ಗಿಡಗಂಟಿ ಬೆಳೆದಿದೆಯೇ, ತೂಬಿನ ಬಾಗಿಲು ಮೇಲೇಳುತ್ತದೆಯೇ ಎಂದು ಒಬ್ಬರಾದರೂ ಕೇಳಿದ್ದರೇ? ಹೆಚ್ಚಿನ ಊರುಗಳಲ್ಲಿ ಉತ್ತರ ಇಲ್ಲ ಎಂದೇ. ಏರಿ ಒಡೆದ ಮೇಲೆ ಎಲ್ಲರೂ ಬರುತ್ತಾರೆ. ಒಡೆಯುವ ಮುಂಚೆ ನೋಡುವುದು ಯಾರ ಕೆಲಸ ಎಂಬುದೇ ನಮ್ಮಲ್ಲಿ ತೀರ್ಮಾನವಾಗಿಲ್ಲ.

ನಮ್ಮ ವಾದ ಇಷ್ಟೇ. ಸಣ್ಣ ಮಣ್ಣಿನ ಏರಿಗೆ ಮೊದಲು ಬೇಕಿರುವುದು ಸಿಮೆಂಟ್ ಅಲ್ಲ, ಕೋಟಿ ರೂಪಾಯಿಯ ಟೆಂಡರ್ ಅಲ್ಲ. ಅದನ್ನು ನಡೆದು ನೋಡುವ ಒಬ್ಬ ಮನುಷ್ಯ ಬೇಕು, ಅವನ ಮಾತಿಗೆ ಉತ್ತರ ಕೊಡಲೇಬೇಕಾದ ಒಬ್ಬ ಅಧಿಕಾರಿ ಬೇಕು. ಈ ಇಬ್ಬರ ಹೆಸರು ಊರಿಗೆಲ್ಲ ಗೊತ್ತಿರಬೇಕು.

ಕೆರೆ ನೆರೆಯನ್ನೂ ತಡೆಯುತ್ತದೆ

ಕೆರೆ ಎಂದರೆ ನಮಗೆ ನೆನಪಾಗುವುದು ಗದ್ದೆ, ದನಕರುಗಳ ನೀರು, ಮೀನು, ಬೋರ್‌ವೆಲ್‌ನ ಒರತೆ. ಅದು ನೆರೆ ತಡೆಯುವ ಅಣೆಕಟ್ಟೂ ಹೌದು ಎಂಬುದು ಮರೆತೇಹೋಗುತ್ತದೆ. ಕರ್ನಾಟಕದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಬಯಲುಸೀಮೆಯಲ್ಲಿ ಇವು ಬಹುಮಟ್ಟಿಗೆ ಸರಪಳಿಯಂತಿವೆ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೂ ಕೆಳಗಿನದಕ್ಕೆ. ಒಂದು ರಾತ್ರಿ ಸುರಿದ ಮಳೆ ಹಳ್ಳಕ್ಕೆ ಒಮ್ಮೆಲೇ ನುಗ್ಗದಂತೆ ಪ್ರತಿ ಕೆರೆಯೂ ಒಂದಷ್ಟು ಹಿಡಿದುಕೊಂಡು, ಉಳಿದದ್ದನ್ನು ಕೋಡಿಯಲ್ಲಿ ಸಾವಕಾಶವಾಗಿ ಬಿಡುತ್ತದೆ. ಕೆಳಗಿನ ಊರಿನವರು ನಿದ್ದೆ ಮಾಡುವುದು ಈ ಏರಿಗಳ ಭರವಸೆಯ ಮೇಲೆ.

ಆದರೆ ನೆರೆ ತಡೆಯುವ ಏರಿ ಒಡೆದರೆ, ದಿನಗಟ್ಟಲೆ ಹಿಡಿದಿಟ್ಟ ನೀರನ್ನು ಗಂಟೆಯೊಳಗೆ ಬಿಟ್ಟುಬಿಡುತ್ತದೆ. ಏರಿಯೇ ಇಲ್ಲದಿದ್ದರೆ ಬರುತ್ತಿದ್ದ ನೆರೆಗಿಂತ ಇದು ದೊಡ್ಡದು.

ಒಂದು ಲೆಕ್ಕ ನೋಡಿ. ಒಂದು ಎಕರೆಯಲ್ಲಿ ಒಂದು ಅಡಿ ನೀರು ನಿಂತರೆ ಅದು ಸುಮಾರು 12 ಲಕ್ಷ 33 ಸಾವಿರ ಲೀಟರ್. 50 ಎಕರೆಯ ಸಾಧಾರಣ ಕೆರೆಯಲ್ಲಿ ಸರಾಸರಿ 6 ಅಡಿ ನೀರಿದ್ದರೆ ಸುಮಾರು 37 ಕೋಟಿ ಲೀಟರ್. 5 ಸಾವಿರ ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರ್ ಲೆಕ್ಕದಲ್ಲಿ 74 ಸಾವಿರ ಟ್ಯಾಂಕರ್. ಅಷ್ಟು ನೀರು ಏರಿಯ ಒಂದೇ ಬಿರುಕಿನಿಂದ ಕೆಳಗಿನ ಕೇರಿಗೆ ಇಳಿದರೆ ಏನಾದೀತು? "ನಮ್ಮದು ಸಣ್ಣ ಕೆರೆ ಕಣ್ರೀ" ಎನ್ನುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಲಿ.

ಏಡಿಯ ಮೇಲೆ ಬಂದ ದೂರು

ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಚಿಪ್ಳೂಣ್ ತಾಲ್ಲೂಕಿನಲ್ಲಿ ತಿವರೆ ಎಂಬ ಊರಿದೆ. ಅಲ್ಲಿನ ಸಣ್ಣ ನೀರಾವರಿಯ ಮಣ್ಣಿನ ಅಣೆಕಟ್ಟು 2019ರ ಜುಲೈ 2ರ ರಾತ್ರಿ ಒಡೆಯಿತು. ಕೆಳಗಿದ್ದ ಭೇಂಡವಾಡಿ ಎಂಬ ಕೇರಿಯ ಹತ್ತಕ್ಕೂ ಹೆಚ್ಚು ಮನೆಗಳು ಕೊಚ್ಚಿಹೋದವು. 20ರಷ್ಟು ಜನ ಪ್ರಾಣ ಕಳೆದುಕೊಂಡರು. ಅಣೆಕಟ್ಟು ಕಟ್ಟಿ ಹೆಚ್ಚುಕಡಿಮೆ 20 ವರ್ಷವಾಗಿತ್ತು, ಅಷ್ಟೇ. ನೀರು ಸೋರುತ್ತಿದೆ ಎಂದು ಮೊದಲೇ ದೂರು ಕೊಟ್ಟಿದ್ದೆವು ಎಂದು ಊರವರು ಹೇಳಿದರು. ಒಂದಿಷ್ಟು ದುರಸ್ತಿಯೂ ನಡೆದಿತ್ತು. ಮಳೆಗಾಲ ಶುರುವಾಗುತ್ತಿದ್ದಂತೆ ಏರಿ ಹೋಯಿತು.

ಆಗ ಆ ರಾಜ್ಯದ ಜಲಸಂರಕ್ಷಣಾ ಸಚಿವರು ಕೊಟ್ಟ ಕಾರಣ ದೇಶವೆಲ್ಲ ಸುದ್ದಿಯಾಯಿತು. ಏಡಿಗಳು ಬಿಲ ತೋಡಿದ್ದರಿಂದ ಅಣೆಕಟ್ಟು ಒಡೆಯಿತು ಎಂದರು. ಜನ ಸಿಟ್ಟಾದರು, ವಿರೋಧ ಪಕ್ಷದವರು ಏಡಿಗಳನ್ನು ಹಿಡಿದುಕೊಂಡು ಪ್ರತಿಭಟನೆ ಮಾಡಿದರು.

ನಾವು ಈ ಮಾತನ್ನು ನಗೆಯಾಡಿ ಬಿಡುವುದಿಲ್ಲ. ಏಡಿ ಏರಿಯಲ್ಲಿ ಬಿಲ ತೋಡುತ್ತದೆ, ಇದು ಗದ್ದೆ ಬದು ಕಟ್ಟಿದ ಯಾರಿಗಾದರೂ ಗೊತ್ತು. ಹೆಗ್ಗಣವೂ ತೋಡುತ್ತದೆ. ಅದಕ್ಕೇ ಹಿಂದಿನವರು ಬದು ಸುತ್ತುತ್ತಿದ್ದರು, ಬಿಲ ಕಂಡಲ್ಲಿ ಅಗೆದು ಮಣ್ಣು ತುಂಬಿ ಗುದ್ದುತ್ತಿದ್ದರು. ಏಡಿ ತನ್ನ ಕೆಲಸ ತಾನು ಮಾಡಿತು ಎಂದೇ ಇಟ್ಟುಕೊಳ್ಳೋಣ. ಬಿಲ ನೋಡಬೇಕಾದ ಮನುಷ್ಯ ತನ್ನ ಕೆಲಸ ಮಾಡಿದನೇ? ಏಡಿಗೆ ಸಂಬಳವಿಲ್ಲ, ಇಲಾಖೆಗೆ ಇದೆ.

ಮಣ್ಣಿನ ಏರಿ ಹೇಗೆ ಒಡೆಯುತ್ತದೆ

ಏರಿ ಒಡೆಯುವ ದಾರಿಗಳು ಮುಖ್ಯವಾಗಿ ಮೂರು.

ಮೊದಲನೆಯದು, ನೀರು ಏರಿಯ ನೆತ್ತಿ ಹತ್ತಿ ಹರಿಯುವುದು. ಒಳಮಗ್ಗುಲಿಗೆ ಕಲ್ಲು ಹೊದಿಸಿರುತ್ತಾರೆ, ಅಲೆ ಹೊಡೆತ ತಡೆಯುವುದಕ್ಕೆ. ಹೊರಮಗ್ಗುಲಿಗೆ ಇರುವುದು ಬರೀ ಹುಲ್ಲು. ನೀರು ಮೇಲಿಂದ ಧುಮುಕಿದರೆ ಮೊದಲು ಹುಲ್ಲು ಕೀಳುತ್ತದೆ, ಆಮೇಲೆ ಮಣ್ಣು ಕೊರೆಯುತ್ತದೆ, ಕೊರೆದ ಜಾಗಕ್ಕೆ ಇನ್ನೂ ಹೆಚ್ಚು ನೀರು ನುಗ್ಗುತ್ತದೆ. ಅಲ್ಲಿಂದ ಮುಂದೆ ತಡೆಯುವುದು ಮನುಷ್ಯರ ಕೈಯಲ್ಲಿಲ್ಲ. ಈ ಗತಿ ಬಾರದಿರಲೆಂದೇ ಕೋಡಿ ಇರುವುದು. ಕೋಡಿಯ ಮಟ್ಟಕ್ಕೂ ಏರಿಯ ನೆತ್ತಿಗೂ ನಡುವೆ ಬಿಟ್ಟಿರುವ ಆ ಕೆಲವು ಅಡಿಗಳೇ ಏರಿಯ ಆಯಸ್ಸು.

ಎರಡನೆಯದು, ಒಳಗಿನಿಂದಲೇ ಕೊರೆತ. ಏರಿಯೊಳಗೆ ಒಂದು ಸಣ್ಣ ದಾರಿ ಸಿಕ್ಕರೆ ನೀರು ಮಣ್ಣಿನ ಕಣಗಳನ್ನು ಹೊತ್ತುಕೊಂಡು ಆಚೆ ಬರುತ್ತದೆ. ದಾರಿ ಅಗಲವಾಗುತ್ತಾ ಹೋಗುತ್ತದೆ. ಮಣ್ಣಿನ ಅಣೆಕಟ್ಟುಗಳು ಸದ್ದಿಲ್ಲದೆ ಸಾಯುವುದು ಹೀಗೆ. ಬಿಲ, ಸತ್ತ ಮರದ ಬೇರು ಕೊಳೆತು ಉಳಿದ ಟೊಳ್ಳು, ಏರಿ ಕಡಿದು ಹಾಕಿದ ಪೈಪಿನ ಅಕ್ಕಪಕ್ಕದ ಸಡಿಲ ಮಣ್ಣು, ಹಳೇ ತೂಬಿನ ಕಟ್ಟಡದ ಬಿರುಕು, ಇವೆಲ್ಲ ನೀರಿಗೆ ಸಿಗುವ ದಾರಿಗಳು.

ಮೂರನೆಯದು, ಏರಿ ಜಾರುವುದು. ನೀರು ಕುಡಿದು ಭಾರವಾದ ಮಣ್ಣು, ಬುಡದಲ್ಲಿ ಆಸರೆ ಇಲ್ಲದಿದ್ದರೆ ಜಾರಿ ಕೂರುತ್ತದೆ. ಜಾರುವ ಮುಂಚೆ ನೆತ್ತಿಯ ಮೇಲೆ ಉದ್ದುದ್ದ ಬಿರುಕು ಕಾಣಿಸಿಕೊಳ್ಳುವುದುಂಟು, ಬುಡದಲ್ಲಿ ಮಣ್ಣು ಉಬ್ಬುವುದುಂಟು.

ಈ ಮೂರರಲ್ಲೂ ಬಹುತೇಕ ಮುನ್ಸೂಚನೆ ಇದ್ದೇ ಇರುತ್ತದೆ. ಅದನ್ನು ಓದಲು ಎಂಜಿನಿಯರಿಂಗ್ ಪದವಿ ಬೇಡ. ಬೇಸಿಗೆಯಲ್ಲೂ ಏರಿಯ ಹೊರಬುಡದಲ್ಲಿ ಒಂದೇ ಕಡೆ ಹುಲ್ಲು ಹಸಿರಾಗಿದ್ದರೆ ಅಲ್ಲಿ ನೀರು ಬರುತ್ತಿದೆ ಎಂದರ್ಥ. ಜಿನುಗುವ ನೀರು ತಿಳಿಯಾಗಿ, ದಿನವೂ ಒಂದೇ ಪ್ರಮಾಣದಲ್ಲಿ ಬರುತ್ತಿದ್ದರೆ ಕಣ್ಣಿಟ್ಟಿರಬೇಕು. ಹೆಚ್ಚುತ್ತಿದ್ದರೆ ಅಧಿಕಾರಿಗೆ ತಿಳಿಸಬೇಕು. ಕೆಸರಾಗಿ ಬರುತ್ತಿದ್ದರೆ ಏರಿಯ ಮಣ್ಣೇ ಹೊರಗೆ ಹೋಗುತ್ತಿದೆ ಎಂದರ್ಥ. ಆಮೇಲೆ ಕಾಯುವ ಮಾತಿಲ್ಲ.

ಏರಿಗೆ ನಾವು ಮಾಡುತ್ತಿರುವುದು

ಇಲಾಖೆಯನ್ನು ಬೈಯುವುದು ಸುಲಭ. ಊರು ಕೂಡ ಒಂದಿಷ್ಟು ಹೊಣೆ ಹೊರಬೇಕು. ನಮ್ಮ ಕಡೆಯ ಕೆರೆಗಳಲ್ಲಿ ಯಾರ ಕಣ್ಣಿಗಾದರೂ ಬೀಳುವ ಸಂಗತಿಗಳನ್ನೇ ಹೇಳುತ್ತೇವೆ.

ಹೂಳೆತ್ತುವ ಹೆಸರಿನಲ್ಲಿ ಜೆಸಿಬಿ ಏರಿಯ ಒಳಬುಡಕ್ಕೇ ಬಂದು ಗುಂಡಿ ತೋಡುತ್ತದೆ. ಲಾರಿ ಹತ್ತಿರ ನಿಲ್ಲುತ್ತದೆ, ಮಣ್ಣು ತುಂಬುವುದು ಸಲೀಸು, ಅದಕ್ಕೆ. ಆದರೆ ಒಳಬುಡದಲ್ಲಿ ವರ್ಷಾನುಗಟ್ಟಲೆ ಕೂತ ಜೇಡಿಯೇ ನೀರು ಏರಿಯ ಅಡಿಗೆ ಇಳಿಯದಂತೆ ಹಿಡಿದಿರುವುದು. ಹೂಳು ತೆಗೆಯಬೇಕಾದದ್ದು ಕೆರೆಯ ಅಂಗಳದಲ್ಲಿ, ಏರಿಯಿಂದ ಸಾಕಷ್ಟು ದೂರ ಬಿಟ್ಟು.

ಮೀನು ಗುತ್ತಿಗೆಯವರು ಮೀನು ಹೊರಹೋಗದಿರಲಿ ಎಂದು ಕೋಡಿಗೆ ಬಲೆ ಕಟ್ಟುತ್ತಾರೆ. ಮಳೆ ಬಂದ ರಾತ್ರಿ ಆ ಬಲೆಗೆ ಸೊಪ್ಪುಸದೆ, ಪ್ಲಾಸ್ಟಿಕ್ಕು, ಅಂತರಗಂಗೆ ಗಿಡ ಬಂದು ಮೆತ್ತಿಕೊಳ್ಳುತ್ತವೆ. ಕೋಡಿ ಮುಚ್ಚಿದ ಬಾಟಲಿಯಾಗುತ್ತದೆ. ಇನ್ನು ಕೆಲವರು ಒಂದಡಿ ನೀರು ಹೆಚ್ಚು ನಿಲ್ಲಲಿ ಎಂದು ಕೋಡಿಯ ಮೇಲೆ ಮರಳಿನ ಮೂಟೆ ಜೋಡಿಸುತ್ತಾರೆ. ಹೆಚ್ಚು ನಿಂತ ಆ ಒಂದಡಿ, ಏರಿಯ ಆಯಸ್ಸಿನಿಂದ ಕಳೆದ ಒಂದಡಿ.

ಕೋಡಿ ಹಳ್ಳ ಒತ್ತುವರಿಯಾಗಿ ಸೈಟಾಗುತ್ತದೆ, ಅಡಿಕೆ ತೋಟವಾಗುತ್ತದೆ. ಹತ್ತು ವರ್ಷ ಕೆರೆ ತುಂಬದಿದ್ದರೆ ಅಲ್ಲಿ ಹಳ್ಳವಿತ್ತೆಂಬುದೇ ಜನಕ್ಕೆ ಮರೆತುಹೋಗುತ್ತದೆ. ನೀರಿಗೆ ಮರೆವಿಲ್ಲ.

ಏರಿಯ ಮೇಲಿನ ದಾರಿಯಲ್ಲಿ ಮರಳಿನ ಟಿಪ್ಪರ್ ಓಡುತ್ತವೆ. ಚಕ್ರ ತುಳಿದಲ್ಲಿ ನೆತ್ತಿ ತಗ್ಗುತ್ತದೆ. ನೀರು ಮೊದಲು ಹತ್ತಿ ಇಳಿಯುವುದು ಆ ತಗ್ಗಿನಲ್ಲೇ. ಹೊರಮಗ್ಗುಲಲ್ಲಿ ಬಳ್ಳಾರಿ ಜಾಲಿ ಎಷ್ಟು ದಟ್ಟವಾಗಿ ಬೆಳೆದಿರುತ್ತದೆಂದರೆ ಜಿನುಗು ಇದ್ದರೂ ಕಾಣುವುದಿಲ್ಲ. ಇದನ್ನು ಪೊದೆಯಾಗಿರುವಾಗಲೇ ಸವರಬೇಕು. ದೊಡ್ಡದಾಗಿ ಬೇರೂರಿದ ಮರವನ್ನು ಮಾತ್ರ ತಿಳಿದವರನ್ನು ಕೇಳದೆ ಬುಡಸಮೇತ ಕೀಳಬಾರದು, ಕಿತ್ತ ಗುಂಡಿಯೇ ಹೊಸ ದಾರಿಯಾದೀತು.

ಗಡಿಯಲ್ಲಿ ಕೂತ ಕೆರೆ

ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಶಾಸನವಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಅಲ್ಲಿ ದೊಡ್ಡ ಕೆರೆ ಕಟ್ಟಿಸಿದ. ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ ಎಂದು ಶಾಸನ ಹೇಳುತ್ತದೆ. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಇರಬಾರದ 6 ದೋಷಗಳನ್ನೂ ಅದು ಪಟ್ಟಿಮಾಡುತ್ತದೆ. ದೋಷಗಳಲ್ಲಿ ಒಂದು, ಏರಿಯಿಂದ ನೀರು ಒಸರುವುದು. ಇನ್ನೊಂದು, ಕೆರೆ ಎರಡು ರಾಜ್ಯಗಳ ಗಡಿಯಲ್ಲಿ ಇರುವುದು.

ಎರಡನೆಯ ದೋಷವನ್ನು ಇಂದಿನ ಕಣ್ಣಿನಿಂದ ಓದಿ. ಗಡಿಯಲ್ಲಿದ್ದರೆ ಜಗಳ ಬರುತ್ತದೆ, ನೋಡಿಕೊಳ್ಳುವವರು ಇಬ್ಬರಾಗುತ್ತಾರೆ, ಅಂದರೆ ಯಾರೂ ಇರುವುದಿಲ್ಲ. ನಮ್ಮ ಕೆರೆಗಳು ಈಗ ಎರಡಲ್ಲ, ಐದಾರು ರಾಜ್ಯಗಳ ಗಡಿಯಲ್ಲಿವೆ. ಅಚ್ಚುಕಟ್ಟು 40 ಹೆಕ್ಟೇರ್ ದಾಟಿದರೆ ಸಣ್ಣ ನೀರಾವರಿ ಇಲಾಖೆ, ಅದರೊಳಗಿದ್ದರೆ ಜಿಲ್ಲಾ ಪಂಚಾಯಿತಿ. ಒತ್ತುವರಿ ಕಂದಾಯ ಇಲಾಖೆಗೆ. ಮೀನು ಮೀನುಗಾರಿಕೆಯವರಿಗೋ ಗ್ರಾಮ ಪಂಚಾಯಿತಿಗೋ. ಏರಿಯ ಮೇಲಿನ ರಸ್ತೆ ಇನ್ನೊಬ್ಬರಿಗೆ. ಏರಿಯ ಮರ ಮತ್ತೊಬ್ಬರಿಗೆ. ಜಿನುಗು ಕಂಡ ರೈತ ಯಾವ ಕಚೇರಿಯ ಬಾಗಿಲು ತಟ್ಟಬೇಕು? ಹೋದಲ್ಲೆಲ್ಲ ಇನ್ನೊಂದು ಕಚೇರಿಯ ದಾರಿ ತೋರಿಸುತ್ತಾರೆ.

ಹಿಂದೆ ಹೀಗಿರಲಿಲ್ಲ. ಕೆರೆ ಕಟ್ಟಿದವರು ಅದನ್ನು ನೋಡಿಕೊಳ್ಳುವುದಕ್ಕೂ ಭೂಮಿ ಬಿಡುತ್ತಿದ್ದರು. ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಮಾತುಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಊರಿಗೊಬ್ಬ ನೀರಗಂಟಿ ಇರುತ್ತಿದ್ದ. ತೂಬು ಎತ್ತುವುದು, ಇಳಿಸುವುದು, ಏರಿ ಸುತ್ತುವುದು ಅವನ ಕೆಲಸ. ಸುಗ್ಗಿಯಲ್ಲಿ ಅವನಿಗೆ ಕಣದಿಂದ ಪಾಲು ಸಿಗುತ್ತಿತ್ತು. ಆ ಕಾಲ ಬಂಗಾರದ್ದು ಎಂದು ನಾವು ಹೇಳುತ್ತಿಲ್ಲ. ಮಳೆಯಲ್ಲಿ ರಾತ್ರಿ ಏರಿ ಕಾದ ಮೈ ಯಾವ ಜಾತಿಯದು, ಮೊದಲು ನೀರು ಪಡೆದ ಗದ್ದೆ ಯಾರದು ಎಂಬುದು ಎಲ್ಲರಿಗೂ ಗೊತ್ತು. ಆದರೆ ಏರಿಗೆ ಒಬ್ಬ ಮನುಷ್ಯನ ಕಣ್ಣು ಇತ್ತು. ನಾವು ಆ ಅನ್ಯಾಯವನ್ನು ಬಿಟ್ಟು ಕಣ್ಣನ್ನು ಉಳಿಸಿಕೊಳ್ಳಬೇಕಿತ್ತು. ಎಷ್ಟೋ ಊರುಗಳಲ್ಲಿ ಕಣ್ಣನ್ನೇ ಕಳೆದುಕೊಂಡಿದ್ದೇವೆ.

ಈಗ ಕಾನೂನು ನೋಡಿ. ಅಣೆಕಟ್ಟು ಸುರಕ್ಷತಾ ಕಾಯ್ದೆ 2021ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಮಳೆಗಾಲದ ಮುಂಚೆ ಮತ್ತು ನಂತರ ತಪಾಸಣೆ, ತುರ್ತು ಯೋಜನೆ, ಹೊಣೆಗಾರ ಅಧಿಕಾರಿಗಳು ಎಲ್ಲವೂ ಅದರಲ್ಲಿವೆ. ಆದರೆ ಅದು ಅನ್ವಯಿಸುವುದು 15 ಮೀಟರ್‌ಗಿಂತ ಎತ್ತರದ ಅಣೆಕಟ್ಟುಗಳಿಗೆ. 10ರಿಂದ 15 ಮೀಟರ್ ಇದ್ದರೆ ಬೇರೆ ಷರತ್ತುಗಳಲ್ಲಿ ಒಂದಾದರೂ ಹೊಂದಬೇಕು. ಏರಿ 500 ಮೀಟರ್ ಉದ್ದವಿರಬೇಕು, ಇಲ್ಲವೇ 10 ಲಕ್ಷ ಘನ ಮೀಟರ್ ನೀರು ಹಿಡಿಯಬೇಕು, ಹೀಗೆ. 10 ಮೀಟರ್ ಎಂದರೆ ಸುಮಾರು 33 ಅಡಿ. ನಮ್ಮ ಹಳ್ಳಿಗಳ ಬಹುಪಾಲು ಕೆರೆ ಏರಿಗಳು ಅಷ್ಟು ಎತ್ತರವಿಲ್ಲ. ಅಂದರೆ 37 ಕೋಟಿ ಲೀಟರ್ ನೀರಿನ ಕೆಳಗೆ ಮಲಗುವ ಕೇರಿ ಆ ಕಾಯ್ದೆಯ ಕಣ್ಣಿಗೆ ಬೀಳುವುದೇ ಇಲ್ಲ. ಏರಿಯ ಎತ್ತರ ಅಳೆದ ಕಾನೂನು, ಕೆಳಗಿನ ಮನೆಗಳನ್ನು ಎಣಿಸಲಿಲ್ಲ. ಇದು ನಮ್ಮ ದೊಡ್ಡ ತಕರಾರು.

ಎರಡು ಪಾಠ

ಮೇಲೆ ಹೇಳಿದ ಅದೇ ಕಡಪ ಜಿಲ್ಲೆಯಲ್ಲಿ 2021ರ ನವೆಂಬರ್ 19ರಂದು ಚೆಯ್ಯೇರು ನದಿಯ ಅನ್ನಮಯ್ಯ ಅಣೆಕಟ್ಟಿನ ಮಣ್ಣಿನ ಭಾಗ ಕೊಚ್ಚಿಹೋಯಿತು. ಭಾರೀ ಮಳೆ. ಮೇಲಿನ ಪಿಂಛಾ ಅಣೆಕಟ್ಟಿನ ಕಟ್ಟೆ ಮೊದಲು ಒಡೆದು ಆ ನೀರೆಲ್ಲ ಇಲ್ಲಿಗೆ ಬಂತು. ಇಲ್ಲಿದ್ದ ಐದು ಗೇಟುಗಳಲ್ಲಿ ಒಂದು ಏಳಲಿಲ್ಲ. ನೀರು ನೆತ್ತಿ ಹತ್ತಿತು. ಕೆಳಗಿನ ಹಳ್ಳಿಗಳಲ್ಲಿ ಹತ್ತಾರು ಜನ ಹೋದರು. ಇದು ದೊಡ್ಡ ಅಣೆಕಟ್ಟು, ಆದರೆ ಪಾಠ ನಮ್ಮ ಕೆರೆ ಸರಪಳಿಗೂ ಅದೇ. ಮೇಲಿನ ಊರಿನ ಏರಿ ಒಡೆದರೆ ಕೆಳಗಿನ ಊರಿನ ಏರಿ ಎಷ್ಟೇ ಗಟ್ಟಿಯಿದ್ದರೂ ಸಾಲದು. ಮೇಲಿನವರು ಕೆಳಗಿನವರಿಗೆ ಒಂದು ಫೋನ್ ಮಾಡುವ ಏರ್ಪಾಡಾದರೂ ಬೇಕು.

ಮಧ್ಯಪ್ರದೇಶದ ಧಾರ್ ಜಿಲ್ಲೆಯ ಕಾರಂ ಅಣೆಕಟ್ಟಿನ ಕಥೆ ಬೇರೆ. ಇನ್ನೂ ಕಟ್ಟುತ್ತಿದ್ದ ಮಣ್ಣಿನ ಅಣೆಕಟ್ಟು. 2022ರ ಆಗಸ್ಟ್‌ನಲ್ಲಿ ಸೋರಿಕೆ ಕಂಡಿತು. ಕೆಳಗಿನ 18 ಹಳ್ಳಿಗಳ ಜನರನ್ನು ಮೇಲಕ್ಕೆ ಸಾಗಿಸಿದರು. ಯಂತ್ರಗಳಿಂದ ಪಕ್ಕದಲ್ಲಿ ಕಾಲುವೆ ತೋಡಿ ನೀರು ಹೊರಬಿಟ್ಟರು. ಆ ಕಾಲುವೆಯಲ್ಲೇ ನೀರು ಭೋರ್ಗರೆದು ಹೋಯಿತು, ಹೊಲಗಳು ಹಾಳಾದವು. ಆದರೆ ಪ್ರಾಣಹಾನಿ ಆಗಲಿಲ್ಲ. ಕಟ್ಟಿದ ಗುಣಮಟ್ಟದ ಬಗ್ಗೆ ಎಷ್ಟು ಬೈದರೂ ಕಡಿಮೆಯೇ. ಆದರೆ ಸೋರಿಕೆಯನ್ನು ಕಂಡರು, ನಂಬಿದರು, ಜನರನ್ನು ಎಬ್ಬಿಸಿದರು. ತಿವರೆಯಲ್ಲಿ ಆಗದೆ ಹೋದದ್ದು ಇದೇ.

ನಾವು ಕೇಳುವುದು

ಒಂದು, ಪ್ರತಿ ಕೆರೆಯ ಏರಿಯ ಮೇಲೆ ಒಂದು ಫಲಕ. ಕೆರೆ ಯಾವ ಇಲಾಖೆಯದು, ಹೊಣೆಗಾರ ಎಂಜಿನಿಯರ್ ಹುದ್ದೆ ಯಾವುದು, ಕಚೇರಿಯ ಫೋನ್ ಸಂಖ್ಯೆ ಏನು. ಕಾಮಗಾರಿ ಮುಗಿದಾಗ ಶಾಸಕರ ಹೆಸರಿನ ಕಲ್ಲು ನಿಲ್ಲಿಸಲು ದುಡ್ಡಿದೆ ಎಂದಾದರೆ ಇದಕ್ಕೂ ಇದೆ.

ಎರಡು, ನೀರಗಂಟಿ ಮತ್ತೆ ಬರಲಿ. ಜಾತಿಯಿಂದ ಬಂದ ಚಾಕರಿಯಾಗಿ ಅಲ್ಲ, ಗ್ರಾಮ ಪಂಚಾಯಿತಿಯಿಂದ ತಿಂಗಳ ಗೌರವಧನ ಪಡೆಯುವ, ತರಬೇತಿ ಪಡೆದ ಕೆಲಸಗಾರನಾಗಿ. ಹೆಣ್ಣುಮಕ್ಕಳಿಗೂ ಈ ಕೆಲಸ ಸಿಗಲಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಕೆರೆ ತುಂಬಿದ ಮೇಲೆ ದಿನಕ್ಕೊಮ್ಮೆ ಏರಿಯ ನೆತ್ತಿ ಮತ್ತು ಹೊರಬುಡ ನಡೆದು ನೋಡಬೇಕು. ಕಂಡದ್ದನ್ನು ಫೋನಿನಲ್ಲಿ ಫೋಟೊ ತೆಗೆದು ದಿನಾಂಕದ ಜೊತೆ ಕಳಿಸಬೇಕು. ಕಳಿಸಿದ್ದಕ್ಕೆ ಲಿಖಿತ ಉತ್ತರ ಬರಬೇಕು.

ಮೂರು, ಮುಂಗಾರಿಗೆ ಮುಂಚಿನ ಗ್ರಾಮಸಭೆಯಲ್ಲಿ ಕೆರೆ ಏರಿಯ ವರದಿ ಓದುವುದು ಕಡ್ಡಾಯವಾಗಲಿ. ಕೋಡಿ ಸ್ವಚ್ಛವಾಗಿದೆಯೇ, ತೂಬು ಎತ್ತಿ ಇಳಿಸಿ ನೋಡಿದ್ದೀರಾ, ಏರಿಯಲ್ಲಿ ತಗ್ಗು ಎಲ್ಲಿದೆ. ಮೂರೇ ಪ್ರಶ್ನೆ, ಹತ್ತೇ ನಿಮಿಷ.

ನಾಲ್ಕು, ಏರಿ ಒಡೆದರೆ ನೀರು ಹೋಗುವ ದಾರಿಯಲ್ಲಿರುವ ಮನೆಗಳ ಪಟ್ಟಿ ಮಾಡಿ. ವಯಸ್ಸಾದವರು, ಬಾಣಂತಿಯರು, ನಡೆಯಲಾಗದವರು ಯಾವ ಮನೆಯಲ್ಲಿದ್ದಾರೆ, ಎತ್ತರದ ಜಾಗ ಯಾವುದು, ರಾತ್ರಿ ಕರೆಂಟ್ ಹೋದರೆ ಎಚ್ಚರಿಸುವುದು ಹೇಗೆ. ಗುಡಿಯ ಗಂಟೆ, ಮಸೀದಿಯ ಮೈಕು, ತಮಟೆ, ಯಾವುದಾದರೂ ಸರಿ, ಮೊದಲೇ ತೀರ್ಮಾನವಾಗಿರಲಿ.

ಐದು, ರಾಜ್ಯ ಸರ್ಕಾರ ಸಣ್ಣ ಏರಿಗಳಿಗೂ ಸುರಕ್ಷತಾ ನಿಯಮ ತರಲಿ. ಎತ್ತರದ ಜೊತೆಗೆ ಕೆಳಗೆ ಎಷ್ಟು ಮನೆ ಇವೆ ಎಂಬ ಲೆಕ್ಕದ ಮೇಲೆ ಕೆರೆಗಳನ್ನು ವಿಂಗಡಿಸಲಿ. ಕೆಳಗೆ ಬರೀ ಗದ್ದೆ ಇರುವ ಏರಿಗೂ ಶಾಲೆ ಇರುವ ಏರಿಗೂ ಒಂದೇ ತೂಕ ಆಗಬಾರದು.

"ಏನೂ ಆಗಲ್ಲ ಬಿಡಿ" ಎನ್ನುವವರಿಗೆ

ಮುನ್ನೂರು ವರ್ಷದ ಕೆರೆ, ನಮ್ಮ ಮುತ್ತಜ್ಜನ ಕಾಲದಿಂದ ನಿಂತಿದೆ ಎನ್ನುತ್ತಾರೆ. ನಿಂತಿದೆ, ಏಕೆಂದರೆ ಪ್ರತಿ ತಲೆಮಾರೂ ಅದಕ್ಕೆ ಮಣ್ಣು ಹೊತ್ತಿದೆ. ಒಡೆದ ಕೆರೆಯನ್ನು ಮತ್ತೆ ಕಟ್ಟಿಸಿದವರನ್ನು ಹೊಗಳುವ ಶಾಸನಗಳು ಎಷ್ಟೋ ಇವೆ. ಅಂದರೆ ಆಗಲೂ ಒಡೆಯುತ್ತಿದ್ದವು. ಮೇಲಾಗಿ ಮುತ್ತಜ್ಜನ ಕಾಲದಲ್ಲಿ ಮೇಲಿನ ಜಮೀನು ಹುಲ್ಲುಗಾವಲಾಗಿತ್ತು. ಈಗ ಅಲ್ಲಿ ಲೇಔಟು, ಕಾಂಕ್ರೀಟ್ ರಸ್ತೆ. ಬಿದ್ದ ಮಳೆ ಇಂಗದೆ ಸೀದಾ ಕೆರೆಗೆ ಬರುತ್ತದೆ.

ಕೆರೆಗೆ ನೀರೇ ಬರುತ್ತಿಲ್ಲ, ಇನ್ನು ಒಡೆಯುವ ಮಾತೆಲ್ಲಿ ಎನ್ನುವವರೂ ಇದ್ದಾರೆ. ಕೋಲಾರ, ಚಿಕ್ಕಬಳ್ಳಾಪುರದವರೂ ಹಾಗೇ ಅಂದುಕೊಂಡಿದ್ದರು. 2021ರ ನವೆಂಬರ್‌ನಲ್ಲಿ ವರ್ಷಗಟ್ಟಲೆ ಬತ್ತಿದ್ದ ಕೆರೆಗಳು ಕೋಡಿ ಹರಿದವು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯೇ ನೀರಿನಲ್ಲಿ ಮುಳುಗಿತು. ಒಣಗಿ ಬಿರುಕುಬಿಟ್ಟ ಏರಿಗೆ ಒಮ್ಮೆಲೇ ನೀರು ತುಂಬುವುದೇ ಹೆಚ್ಚು ಅಪಾಯ. ಕೆ.ಸಿ. ವ್ಯಾಲಿಯಂಥ ಯೋಜನೆಗಳಿಂದ ವರ್ಷವಿಡೀ ತುಂಬಿರುವ ಕೆರೆಗಳದ್ದು ಇನ್ನೊಂದು ಪಾಡು. ಅಂತರ್ಜಲಕ್ಕೆ ಅದು ಒಳ್ಳೆಯದು. ಆದರೆ ಮುಂಗಾರು ಬಂದಾಗ ಕೆರೆಯಲ್ಲಿ ಜಾಗವೇ ಇರುವುದಿಲ್ಲ, ಬಂದ ಮಳೆಯೆಲ್ಲ ಕೋಡಿಯ ಪಾಲು. ಅಂಥ ಕೆರೆಯ ಕೋಡಿ, ಏರಿ ಎರಡನ್ನೂ ಹೆಚ್ಚು ಜತನದಿಂದ ನೋಡಬೇಕು.

ಇನ್ನೊಂದು ಆಕ್ಷೇಪ ತೂಕದ್ದು. ಅಪಾಯ ಅಪಾಯ ಎಂದರೆ ಅಧಿಕಾರಿಗಳು ಹೆದರಿ ಕೆರೆಯನ್ನು ಅರ್ಧ ಖಾಲಿ ಇಡುತ್ತಾರೆ, ರೈತರಿಗೆ ನೀರು ಹೋಗುತ್ತದೆ ಎನ್ನುತ್ತಾರೆ. ಈ ಭಯ ನಮಗೂ ಅರ್ಥವಾಗುತ್ತದೆ. ಬಯಲುಸೀಮೆಯಲ್ಲಿ ತುಂಬಿದ ಕೆರೆ ಎಂದರೆ ಮಕ್ಕಳ ಮದುವೆ, ಸಾಲದ ತೀರುವಳಿ. ಆದರೆ ಏರಿ ಒಡೆದರೆ ಆ ವರ್ಷದ ನೀರಷ್ಟೇ ಅಲ್ಲ, ದುರಸ್ತಿಯಾಗುವವರೆಗೆ ಮುಂದಿನ ವರ್ಷಗಳದ್ದೂ ಹೋಗುತ್ತದೆ, ಕೆಳಗಿನ ಗದ್ದೆ ಮರಳಿನಡಿ ಹೋಗುತ್ತದೆ. ಏರಿ ಗಟ್ಟಿಯಿದ್ದರೆ ಮಾತ್ರ ಕೆರೆಯನ್ನು ಧೈರ್ಯವಾಗಿ ತುಂಬಿಸಬಹುದು. ಅಚ್ಚುಕಟ್ಟಿನ ರೈತರೂ ಏರಿಯ ಕೆಳಗಿನ ಕೇರಿಯವರೂ ಇದರಲ್ಲಿ ಎದುರಾಳಿಗಳಲ್ಲ.

ದುಡ್ಡಿಲ್ಲ ಎಂಬ ಮಾತಿಗೆ ಒಂದೇ ಉತ್ತರ. ಕೋಡಿಯ ಬಲೆ ಬಿಚ್ಚಲು, ಮೂಟೆ ತೆಗೆಯಲು, ಜಾಲಿ ಸವರಲು, ಬಿಲ ಅಗೆದು ಮುಚ್ಚಲು ಎಷ್ಟು ದುಡ್ಡು ಬೇಕು?

ಈ ವಾರ ಮಾಡಬಹುದಾದದ್ದು

ಸರ್ಕಾರದ ನಿಯಮ ಬರುವವರೆಗೆ ಮಳೆ ಕಾಯುವುದಿಲ್ಲ. ನಿಮ್ಮೂರ ಏರಿಯ ಮೇಲೆ ನಾಲ್ಕು ಜನ ಸೇರಿ ಒಮ್ಮೆ ನಡೆಯಿರಿ. ಹೋಗುವಾಗ ನೆತ್ತಿಯ ಮೇಲೆ, ಬರುವಾಗ ಹೊರಬುಡದಲ್ಲಿ. ಬಿರುಕು, ತಗ್ಗು, ಬಿಲ, ಹಸಿ ಕಂಡಲ್ಲಿ ಫೋಟೊ ತೆಗೆಯಿರಿ, ಒಂದು ಕಲ್ಲಿಟ್ಟು ಗುರುತು ಮಾಡಿ. ಮುಂದಿನ ವಾರ ಅದೇ ಜಾಗ ನೋಡಿದರೆ ಹೆಚ್ಚಿದೆಯೋ ಇಲ್ಲವೋ ತಿಳಿಯುತ್ತದೆ. ಪಂಚಾಯಿತಿಗೆ ಅರ್ಜಿ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಬಾಯಿಮಾತಿನ ದೂರಿಗೆ ಸಾಕ್ಷಿ ಇರುವುದಿಲ್ಲ.

ಕೆಸರು ನೀರು ಬರುತ್ತಿದ್ದರೆ, ಏರಿ ಜಾರುತ್ತಿದ್ದರೆ, ನೀರು ನೆತ್ತಿ ಮುಟ್ಟುವಂತಿದ್ದರೆ ಮೊದಲು ಕೆಳಗಿನ ಮನೆಯವರನ್ನು ಎಬ್ಬಿಸಿ ಎತ್ತರಕ್ಕೆ ಕಳಿಸಿ. ಜೊತೆಗೇ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077ಕ್ಕೆ ಇಲ್ಲವೇ 112ಕ್ಕೆ ಫೋನ್ ಮಾಡಿ. ಕೆಳಗಿನ ಕೆರೆಯ ಊರಿಗೂ ತಿಳಿಸಿ. ಹೊರಗಡೆಯಿಂದ ಜೇಡಿಮಣ್ಣು ಮೆತ್ತಿ ತೂತು ಮುಚ್ಚಲು ಹೋಗಬೇಡಿ. ಒಳಗಿನ ಒತ್ತಡ ಇನ್ನೊಂದು ಕಡೆ ಬಾಯಿ ತೆರೆಯುತ್ತದೆ. ಏರಿಯ ಮೇಲೆ ನಿಂತು ವಿಡಿಯೊ ಮಾಡುವವರನ್ನು ಕೈಹಿಡಿದು ಕೆಳಗಿಳಿಸಿ.

ಕೆರೆ ತುಂಬಿದಾಗ ಬಾಗಿನ ಕೊಡುತ್ತೇವೆ, ಗಂಗಮ್ಮನಿಗೆ ಪೂಜೆ ಮಾಡುತ್ತೇವೆ. ಒಳ್ಳೆಯದು. ಈ ಸಲ ಬಾಗಿನ ಬಿಡಲು ಬಂದ ಶಾಸಕರನ್ನೂ ಅಧಿಕಾರಿಗಳನ್ನೂ ಏರಿಯ ನೆತ್ತಿಯಿಂದಲೇ ವಾಪಸ್ ಕಳಿಸಬೇಡಿ. ಹೊರಬುಡಕ್ಕೂ ಒಮ್ಮೆ ಕರೆದುಕೊಂಡು ಹೋಗಿ, ಜಿನುಗುವ ಜಾಗ ತೋರಿಸಿ, ಇದನ್ನು ಯಾರು ಯಾವ ತಾರೀಖಿನೊಳಗೆ ಸರಿಮಾಡುತ್ತೀರಿ ಎಂದು ಕೇಳಿ. ಹೇಳಿದ ತಾರೀಖನ್ನು ಅವರೆದುರೇ ಬರೆದುಕೊಳ್ಳಿ.